ಹದಿನೇಳನೆಯದು

ಇಲಿಗೆ ಕೆಂಪು ಕಾಣುವುದಿಲ್ಲವಂತೆ.
ಅದಕ್ಕೇ ಈ ಕೋಣೆಗೆ ಕೆಂಪು ದೀಪ:
ಅವಕ್ಕೆ ಇರುಳು, ನನಗೆ ಕೆಲಸ.
ಹೊರಗೆ ತಾರ್ತುವಿನ ಜನವರಿ. ಎಮಯೋಗಿ ಹೊಳೆ ಕಲ್ಲಾಗಿದೆ,
ಮೂರೂವರೆಗೆಲ್ಲ ಹಗಲು ಅಗಳಿ ಹಾಕಿಕೊಳ್ಳುತ್ತದೆ.

ಹುಟ್ಟಿದ ಇಪ್ಪತ್ತೊಂದನೆಯ ದಿನ ಮೊಲೆ ಬಿಡಿಸಬೇಕು.
ಅರ್ಧ ಮರಿಗಳು ನಾಲ್ಕು ನಾಲ್ಕು ಒಂದೇ ಡಬ್ಬಿಗೆ;
ರಾಶಿ ಬಿದ್ದು ಮಲಗುತ್ತವೆ, ಯಾರ ಬಾಲ ಯಾರದೋ.
ಉಳಿದ ಹನ್ನೆರಡಕ್ಕೆ ಒಂದೊಂದು ಮನೆ.
ಹೊಟ್ಟೆಗೆ ಕೊರತೆಯಿಲ್ಲ.
ಮುಟ್ಟಬಾರದು, ಅಷ್ಟೆ.
ಬಾಗಿಲ ಮೇಲೆ ಮೂರು ಭಾಷೆಯಲ್ಲಿ ಬರೆದಿದೆ.

ಹದಿನೇಳನೆಯದು ಮೊದಮೊದಲು ತನ್ನ ಬಾಲವನ್ನೇ ಅಟ್ಟಿಸಿತು,
ಹಿಡಿಯಿತು, ಬಿಟ್ಟುಕೊಟ್ಟಿತು, ಮತ್ತೆ ಅಟ್ಟಿಸಿತು.
ಒಂದು ದಿನ ನಿಲ್ಲಿಸಿತು.
ಸೋಲಿಸುವುದಕ್ಕಾದರೂ ಇನ್ನೊಬ್ಬರು ಬೇಕಲ್ಲ.

ಪ್ರಬಂಧ ಬರೆಯುವ ಹುಡುಗ ತಾವೆತ್, ಒಳ್ಳೆಯವನು,
ತನ್ನ ಕಾಫಿಯಲ್ಲಿ ನನಗೂ ಬಗ್ಗಿಸುತ್ತಾನೆ.
ಕಳೆದ ವರ್ಷದ ಇಲಿಗಳ ಮಿದುಳು ಅರೆದು ಬಂದ ಗೆರೆಗಳನ್ನು
ಪರದೆಯ ಮೇಲೆ ತೋರಿಸಿದ:
ನೋಡಿ ಮೈಮು, ಇದು ಡೋಪಮೈನ್,
ಒಂಟಿ ಬೆಳೆದವಕ್ಕೆ ಹೀಗೆ ಚರ್ಚಿನ ಗೋಪುರ.
ಇದು ಸೆರೊಟೋನಿನ್. ಕುಳ್ಳು.
ಆಮೇಲೆ ಜೊತೆಗೆ ಬಿಟ್ಟರೂ ಪೂರ್ತಿ ಸರಿಹೋಗುವುದಿಲ್ಲ.
ಯಾಕೆ, ಎಂದೆ.
ಅದಕ್ಕೊಂದು ಕಾಲ ಇರುತ್ತದೆ, ಎಂದ, ದಾಟಿಬಿಟ್ಟಿರುತ್ತದೆ.

ನನ್ನನ್ನು ಸೋಮವಾರ ಬಿಟ್ಟು ಶನಿವಾರ ಒಯ್ಯುತ್ತಿದ್ದರು.
ಅವ್ವನಿಗೆ ನಾರ್ವಾದ ನೂಲಿನ ಗಿರಣಿ, ಮೂರು ಪಾಳಿ.
ಸರ್ಕಾರದ ಕೂಸುಮನೆ, ಬಿಳಿ ಬಳಿದ ಕಬ್ಬಿಣದ ತೊಟ್ಟಿಲು,
ಇಪ್ಪತ್ತು ಕೂಸಿಗೆ ಒಬ್ಬಳು ದಾದಿ.
ಹೊಟ್ಟೆಗೆ ಕೊರತೆಯಿರಲಿಲ್ಲ.
ನನಗೇನೂ ನೆನಪಿಲ್ಲ. ಅವ್ವನೇ ಹೇಳುತ್ತಿದ್ದಳು, ಹೆಮ್ಮೆಯಿಂದ:
ಶನಿವಾರ ಎತ್ತಿಕೊಂಡರೆ ನೀನು ಅಳುತ್ತಲೇ ಇರಲಿಲ್ಲ,
ಯಾರು ಎತ್ತಿಕೊಂಡರೂ ಅಳುತ್ತಿರಲಿಲ್ಲ,
ಎಂಥ ಜಾಣೆ.

ಆ ಸಂಜೆ ಕೈಗವಸು ಕಳಚಿ
ಸರಳಿನ ಸಂದಿಗೆ ತೋರುಬೆರಳು ಇಟ್ಟೆ.
ಹದಿನೇಳನೆಯದು ಮೂಲೆ ಬಿಡಲಿಲ್ಲ.
ಮರುದಿನವೂ ಇಲ್ಲ. ಒಂಬತ್ತನೆಯ ದಿನ ಬಂದು
ಕಚ್ಚಿತು, ನೆತ್ತರು ಬರುವಷ್ಟು.
ಬೆರಳು ಹಿಂದಕ್ಕೆ ತೆಗೆಯಲಿಲ್ಲ.
ಅದೇ ಬಾಯಿ ಆಮೇಲೆ ಉಗುರಿನ ಸುತ್ತ ನೆಕ್ಕಿತು,
ಹುಷಾರಾಗಿ, ಯಾರದೋ ಸಾಮಾನು ಮುಟ್ಟಿದ ಹಾಗೆ.
ಫೆಬ್ರವರಿಯಲ್ಲಿ ನನ್ನ ಹೆಜ್ಜೆ ಕೇಳಿದರೆ ಸರಳಿಗೆ ಬರುತ್ತಿತ್ತು.
ಅಂಗಾತ ಬಿದ್ದು ಹೊಟ್ಟೆ ತೋರುತ್ತಿತ್ತು,
ಇಲಿಗಳಿಗೆ ಅದು ಆಟ.

ಮಾರ್ಚಿನ ಕೊನೆಗೆ ಎಲ್ಲವೂ ಒಣಮಂಜಿನ ಪೆಟ್ಟಿಗೆಗೆ ಹೋದವು.
ಆ ದಿನ ನಾನು ರಜೆ ಕೇಳಿದ್ದೆ.

ಮೇ ತಿಂಗಳು. ಹೊಳೆ ಬಿಟ್ಟಿತ್ತು.
ಹದಿನೇಳು ಲೆಕ್ಕಕ್ಕೆ ಕೂರುತ್ತಿಲ್ಲ, ಎಂದ ತಾವೆತ್,
ಒಂಟಿಯದ್ದು, ಆದರೆ ಗುಂಪಿನವುಗಳ ಪಕ್ಕ ಹೋಗಿ ನಿಂತಿದೆ.
ಎಲ್ಲೋ ಕೈತಪ್ಪಿದೆ.
ಗುಂಡಿ ಒತ್ತಿದ. ಚುಕ್ಕೆ ಹೋಯಿತು.

ಹೇಳಬೇಕಿತ್ತು. ನಾನು ಲೋಟ ತೊಳೆಯುತ್ತಿದ್ದೆ.
ಬೆರಳಿನ ಎರಡು ಹಲ್ಲುಗುರುತು
ನೀರಿಗೆ ಸ್ವಲ್ಪ ಬೆಳ್ಳಗೆ ಕಂಡವು.

ಉಳಿದ ಹನ್ನೊಂದಕ್ಕೆ ನಾನು ಬೆರಳು ಕೊಟ್ಟಿರಲಿಲ್ಲ.
ಅವು ಒಂದೂ ತಪ್ಪದೆ
ಲೆಕ್ಕಕ್ಕೆ ಸರಿಯಾಗಿ ಬಂದಿದ್ದವು.