ಬಲ ಹೆಗಲು ಅರ್ಧ ಇಂಚು ಇಳಿ

ಹದಿನಾಲ್ಕು ತಿಂಗಳು ತಗೊಂಡಿತಂತೆ ಆ ಕಾಗದ
ಬೆಲ್ಜಿಯಂ ಬಿಟ್ಟು, ದೆಹಲಿ ಮುಟ್ಟಿ, ಬೆಂಗಳೂರಲ್ಲಿ ಕೂತೆದ್ದು
ಮಂಡಿಪೇಟೆಯ ನನ್ನ ಅಂಗಡಿ ಮೆಟ್ಟಿಲು ಹತ್ತಲು.
ಅಮೀನ ಸಿದ್ರಾಮಪ್ಪ ಬೆವರೊರೆಸಿಕೊಂಡು ಕೇಳಿದ:
‘ಏನು ಮಾಡಿಟ್ಟಿದ್ದೀಯೋ ಮಹೇಂದ್ರಕರ, ಪರದೇಶದ ಕೋರ್ಟು?’

ನಾನು ಮಾಡಿದ್ದು ಒಂದು ಅಂಗಿ.

ಲಾರಿ ರುಮೇನಿಯಾದ್ದು, ಚಾಲಕ ಹಂಗೇರಿಯವನು,
ಬಾಗಿಲು ತೆಗೆದದ್ದು ಬೆಲ್ಜಿಯಂ ಹೆದ್ದಾರಿಯಲ್ಲಿ.
ಕಿತ್ತಳೆ ಪೆಟ್ಟಿಗೆಗಳ ಹಿಂದೆ, ತಣ್ಣಗೆ, ಒಬ್ಬ.
ಜೇಬಲ್ಲಿ ಚೀಟಿಯಿಲ್ಲ, ಫೋನಿಲ್ಲ.
ಕಾಲರಿನೊಳಗೆ ಮಾತ್ರ ನನ್ನ ಪಟ್ಟಿ:
ಜ್ಞಾನೋಬ ಟೈಲರ್ಸ್, ದಾವಣಗೆರೆ.

ನಮ್ಮಲ್ಲಿ ರೈಲು ಹಳಿ ಮೇಲೆ ಹೆಣ ಬಿದ್ದಾಗ
ತಲೆ ಅವರ ಠಾಣೆಗೆ, ಕಾಲು ಇವರ ಠಾಣೆಗೆ ಎಂದು
ಟೇಪು ಹಿಡಿದು ಸಂಜೆತನಕ ಜಗಳವಾಡಿದ್ದು ಕಂಡವನು ನಾನು.
ಆ ಟೇಪೂ ನನ್ನ ಅಂಗಡಿಯಿಂದಲೇ ಒಯ್ದದ್ದು,
ವಾಪಸು ಬರಲಿಲ್ಲ.
ಅಲ್ಲಿ ಹಾಗಲ್ಲವಂತೆ. ಸರ್ಕಾರಿ ವಕೀಲೆ ವಿವರಿಸಿದಳು:
ಮೂರು ದೇಶದ ಪೊಲೀಸರು ಒಂದೇ ಮೇಜಿಗೆ ಕೂತು
ಒಂದೇ ಕಡತ ತೆರೆದರಂತೆ.
ದುಡ್ಡು ಇಸಕೊಂಡ ಏಜೆಂಟು ಪೋರ್ಚುಗಲ್ಲಿಗೆ ಓಡಿದ,
ಹಿಂದೆಯೇ ಓಡಿತು ಒಂದು ವಾರಂಟು, ಗಡಿಯಲ್ಲಿ ನಿಲ್ಲದೆ.
ಹದಿನೇಳನೇ ದಿನ ಕೈಗೆ ಕೋಳ.
ನನಗೆ ತಿಳಿದದ್ದು ಹೀಗೆ:
ಬಟ್ಟೆ ಬೇರೆ ಬೇರೆ, ಅಂಚೂ ಅವರವರದೇ,
ಸದ್ಯಕ್ಕೆ ಕಚ್ಚಾ ಹೊಲಿಗೆ ಹಾಕಿ ಹಿಡಿದಿದ್ದಾರೆ.
ಹಿಡಿದಿದ್ದರೆ ಸಾಕು.

‘ಅಲ್ಲಿಯ ತಪ್ಪು ಇಲ್ಲಿಯೂ ತಪ್ಪಾಗಿರಬೇಕು,
ಆಗಲೇ ನಿಮ್ಮನ್ನು ಕರೆಸಲು ಬರುತ್ತದೆ’ ಎಂದಳು.
ಮನುಷ್ಯನನ್ನು ಹಣ್ಣಿನ ಹಿಂದೆ ತುಂಬಿ ಬೀಗ ಜಡಿಯುವುದು
ಯಾವ ಊರಲ್ಲಿ ತಪ್ಪಲ್ಲ, ತಾಯಿ?
ಆಕೆ ಕಲಂ ಹುಡುಕುತ್ತಿದ್ದಳು.

ಜಿಲ್ಲಾ ಕೋರ್ಟಿನ ಎರಡನೇ ಮಹಡಿ, ಗೋಡೆಗೊಂದು ಟಿವಿ.
ಅಲ್ಲಿ ಬೆಳಗಿನ ಹತ್ತು, ಇಲ್ಲಿ ಹಸಿವಿನ ಹೊತ್ತು.
ನನ್ನ ಮಾತು ಇಂಗ್ಲಿಷಿಗೆ, ಅಲ್ಲಿಂದ ಡಚ್ಚಿಗೆ,
ಎರಡು ಸಲ ಒಗೆದು ಕುಗ್ಗಿದ ಮೇಲೆ ಅವರನ್ನು ಮುಟ್ಟುತ್ತಿತ್ತು.
ಅಂಗಿ ತೋರಿಸಿದರು. ನನ್ನದೇ. ಕಾಜಾ ನನ್ನ ಕೈಯದು.
ಅಳತೆ ಪುಸ್ತಕ ತೆರೆದೆ, ನಂಬರು ನಾನೂರ ಹನ್ನೆರಡು.
ಹೆಸರಿರಲಿಲ್ಲ. ‘ಲಾಡ್ಜಿನವರು, ಅರ್ಜೆಂಟು’ ಎಂದಷ್ಟೇ.
ಎದೆ ನಲವತ್ತೆರಡು. ಕಾಲರು ಹದಿನಾರು.
ಬಲ ಹೆಗಲು ಅರ್ಧ ಇಂಚು ಇಳಿ.

ಸತ್ತವನ ಅಳತೆ ಓದಿಸಿ ಎಂದೆ.
ಸೆಂಟಿಮೀಟರಲ್ಲಿ ಓದಿದರು, ಬೆರಳಲ್ಲಿ ಲೆಕ್ಕ ಹಾಕಿದೆ.
ಎದೆ ಮೂವತ್ತಾರು. ಹೆಗಲು ಎರಡೂ ಸಮ.

ಅಂಗಿ ನನ್ನದು ಸ್ವಾಮಿ. ಮೈ ಬೇರೆ.

ಚಳಿಗೆಂದು ಬಿಚ್ಚಿ ಕೊಟ್ಟನೋ, ಅದಕ್ಕೂ ದುಡ್ಡು ಕಿತ್ತನೋ...
‘ಊಹೆ ಬೇಡ’ ಎಂದರು. ಬೇಡ.
ದಾವಣಗೆರೆ ಎಂಬ ಊರೇ ಕಂಡಿಲ್ಲ ಎಂದಿದ್ದನಂತೆ ಆರೋಪಿ.
‘ಒಮ್ಮೆ ಎದ್ದು ನಿಲ್ಲಿಸಿ ಅವನನ್ನ.’
ಅವನ ವಕೀಲ ಏನೋ ಕೂಗಿದ,
ಅದು ಎರಡು ಭಾಷೆ ದಾಟಿ ಬರುವಷ್ಟರಲ್ಲಿ
ನಿಂತಾಗಿತ್ತು.

ಮುಖ ನನಗೆ ನೆನಪಿಲ್ಲ.
ಅಳತೆ ತೆಗೆಯುವವನು ಬೆನ್ನ ಹಿಂದೆ ನಿಂತಿರುತ್ತಾನೆ.
ದುಬಾರಿ ಕೋಟು, ಒಳಗೆ ಪ್ಯಾಡು ಕೊಟ್ಟು
ಮುಚ್ಚಲು ನೋಡಿತ್ತು ಯಾವುದೋ ಒಳ್ಳೆಯ ಕೈ.
ಆದರೂ ಬಲಗಡೆ ಇಳಿದಿತ್ತು
ಏಳೆಂಟು ಸಾವಿರ ಕಿಲೋಮೀಟರಿನಾಚೆಯಿಂದಲೂ
ಅರ್ಧ ಇಂಚು.

ಶಿಕ್ಷೆ ಎಷ್ಟಾಯಿತೋ, ಕಾಗದ ಬಂದಿಲ್ಲ.
ಬರಲಿ, ಅದಕ್ಕೂ ಹದಿನಾಲ್ಕು ತಿಂಗಳಿದೆ.

ಆ ರಾತ್ರಿ ಶಟರು ಎಳೆಯುವ ಮುಂಚೆ
ಪುಸ್ತಕದಲ್ಲಿ ಹೊಸ ಪುಟ ತೆಗೆದು ಬರೆದುಕೊಂಡೆ:
ಎದೆ ಮೂವತ್ತಾರು. ಕಾಲರು ಹದಿನಾಲ್ಕೂವರೆ.
ತೋಳು ಇಪ್ಪತ್ತಮೂರು. ಹೆಗಲು ಸಮ.
ಹೆಸರು ಎಂಬಲ್ಲಿ ಪೆನ್ನು ನಿಂತಿತು.
ಕೊಡುವ ತಾರೀಖೂ ಖಾಲಿ.
ಮುಂಗಡ ಎಂಬಲ್ಲಿ ಬರೆದೆ:
ಪೂರ್ತಿ ಸಂದಿದೆ.