ಒಂದು ಕಾಲು ಎತ್ತು

ಮೊದಲು ಆ ನಲವತ್ತು ವ್ಯಾಟಿನ ಬಲ್ಬು ತಾ, ಲುಹೆಂದೆ.
ಪ್ಲಗ್ಗು ಕಿತ್ತಿದ್ದೇನಲ್ಲ ಅಂತ ನಿನ್ನೆಯೂ ಅಂದಿದ್ದೆ ನೀನು;
ಬೆರಳ ತುದಿಯ ಬಿಳಿ ಕಲೆ ಇನ್ನೂ ಮಾಸಿಲ್ಲ.
ಕಿತ್ತ ಮಾತ್ರಕ್ಕೆ ಮರೆಯುವ ಜಾತಿಯಲ್ಲ ಇದು.
ಹ್ಞಾಂ, ಆ ದೊಡ್ಡದಕ್ಕೆ ಎರಡೂ ತಂತಿ ಮುಟ್ಟಿಸು.

ಭಗ್ಗೆಂದು ಒಂದು ರೆಪ್ಪೆಯಷ್ಟು ಹಳದಿ,
ಆಮೇಲೆ ಬರೀ ಗಾಜು.

ಈಗ ಮುಟ್ಟಬಹುದು.
ಆದರೂ ಮೀಟರಿಟ್ಟು ಸೊನ್ನೆ ಕಂಡ ಮೇಲೆಯೇ ಮುಟ್ಟು.

ಮ್ವಾಂಝಾದಲ್ಲಿ ಈ ಹೊತ್ತಿಗೆ ಬಂಡೆಗಳು ಕಾಯುತ್ತವೆ.
ನಮ್ಮ ಅಂಗಡಿ ಒಂದರ ಕೆಳಗೆ,
ತಗಡಿನ ಮೇಲೆ ಬೋಳುತಲೆಯ ಮಾರಬು ಕೊಕ್ಕರೆಗಳು
ಸಾಲ ವಸೂಲಿಗೆ ಬಂದವರ ಹಾಗೆ.
ಬಾಗಿಲಲ್ಲಿ ನ್ಯಾಂಜಾಲಾ, ಉಟ್ಟ ಬಟ್ಟೆಯ ತುಂಬ ಮೀನಿನ ಹುರುಪೆ,
ಐಸು ಮಷೀನಿನ ಬೋರ್ಡನ್ನು ಕೂಸಿನ ಹಾಗೆ ಸುತ್ತಿ ತಂದವಳು.
ದೋಣಿ ಕಟ್ಟಿದವಳು ಅವಳೇ, ಪೆಟ್ಟಿಗೆ ಹೊತ್ತವಳು ಅವಳೇ,
ಲೈಸೆನ್ಸು ಅಣ್ಣನ ಹೆಸರಿನಲ್ಲಿ.
ಫೋನಿನೊಳಗಿಂದ ಅಣ್ಣ ಕೇಳುತ್ತಾನೆ: ಇನ್ನೂ ಆಗಲಿಲ್ಲವೇ?
ಅವಳು ನನ್ನನ್ನು ಕೇಳುತ್ತಾಳೆ: ಫುಂಡಿ, ಇನ್ನೂ ಆಗಲಿಲ್ಲವೇ?

ನೋಡು ಹುಡುಗ, ಅಕ್ಕಪಕ್ಕ ನಿಂತಿವೆ ಎರಡು,
ಒಂದೇ ಎತ್ತರ, ಒಂದೇ ಕಪ್ಪು ಅಂಗಿ,
ಎರಡರ ಮೇಲೂ ಸಾವಿರ ಮೈಕ್ರೋಫ್ಯಾರಡ್ ಎಂದು ಅಚ್ಚು.
ಒಂದರ ನೆತ್ತಿ ಉಬ್ಬಿದೆ, ಹುದುಗು ಬಂದ ಹಿಟ್ಟಿನ ಹಾಗೆ.
ಇನ್ನೊಂದರದು ಚಪ್ಪಟೆ, ನುಣುಪು, ಈಗ ತಾನೇ ಕ್ಷೌರ ಮಾಡಿಸಿಕೊಂಡಂತೆ.

"ಉಬ್ಬಿದ್ದೇ ಕೆಟ್ಟದ್ದು" ಅಂದ ಲುಹೆಂದೆ, ಕತ್ತರಿ ಎತ್ತಿಯೇ ಬಿಟ್ಟ.
ತಡಿ. ಅಳಿ.
ಚಪ್ಪಟೆಯದಕ್ಕೆ ಕಡ್ಡಿ ಇಟ್ಟ: ಒಂಬೈನೂರಾ ಇಪ್ಪತ್ತು.
ಉಬ್ಬಿದ್ದಕ್ಕೆ ಇಟ್ಟ: ಅದೂ ಒಂಬೈನೂರಾ ಇಪ್ಪತ್ತು.
ಮೀಟರಿನ ಬೆನ್ನು ತಟ್ಟಿದ, ಬ್ಯಾಟರಿ ತಿರುವಿ ಹಾಕಿದ,
ಮತ್ತೆ ಅದೇ.
"ಹಾಗಾದರೆ ಎರಡೂ ಒಳ್ಳೆಯವು!"

ಒಳ್ಳೆಯವಾದರೆ ಐಸು ಯಾಕೆ ನೀರಾಯಿತು, ಮಗಾ?

ಕೈ ಕೈ ಹಿಡಿದು ನಿಂತಿರುವಾಗ ಒಬ್ಬನನ್ನು ಕೇಳಿದರೆ
ಓಗೊಡುವವನು ಪಕ್ಕದವನೂ ಇರಬಹುದು.
ಬೆಸುಗೆ ಕಡ್ಡಿ ಕಾಯಿಸು.
ಪೂರ್ತಿ ಕೀಳಬೇಡ, ಒಂದು ಕಾಲು ಎತ್ತು ಸಾಕು.
ಸೀಸ ಕರಗಿ ಕನ್ನಡಿಯಂತೆ ಹೊಳೆಯುವ ಆ ಕ್ಷಣ,
ಆಗ ಎತ್ತು, ಹಲ್ಲು ಕಚ್ಚಿ ಅಲ್ಲ, ಉಸಿರು ಬಿಟ್ಟು.

ಎತ್ತಿದ.
ಚಪ್ಪಟೆಯದು: ನಾಲ್ಕು.
ನಾನೂರಲ್ಲ, ನಲವತ್ತಲ್ಲ. ನಾಲ್ಕು.
ಯಾವತ್ತೋ ಒಣಗಿ ಹೋಗಿದೆ ಒಳಗೆ,
ಅಂಗಿಗೆ ಒಂದು ಸುಕ್ಕೂ ಬೀಳದಂತೆ.
ಉಬ್ಬಿದ್ದು: ಒಂಬೈನೂರಾ ಹದಿನಾರು.

ಲುಹೆಂದೆ ಬೆರಳು ಮಡಿಸಿ ಕೂಡಿದ. ಸರಿಹೋಯಿತು.
ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.
ಎರಡಾಳಿನ ಹೊರೆ ಒಬ್ಬನೇ ಹೊತ್ತು
ಎಷ್ಟು ರಾತ್ರಿ ಕುದಿದಿತ್ತೋ ಅದು,
ನೆತ್ತಿಯ ಗೆರೆ ಇನ್ನೇನು ಬಿರಿಯುವಂತೆ.

ಎರಡನ್ನೂ ತೆಗೆದೆ. ಹೊರೆ ಹೊತ್ತದ್ದಕ್ಕೂ ಆಯಸ್ಸು ಮುಗಿದಿತ್ತು.
ಹೊಸವು ಹಾಕಿ, ಬಿಳಿ ಪಟ್ಟೆ ಎತ್ತ ಎಂದು ಮೂರು ಸಲ ನೋಡಿ,
ಕರೆಂಟು ಕೊಟ್ಟರೆ
ಬೋರ್ಡಿನ ಹಸಿರು ದೀಪ ಕಣ್ಣು ಬಿಟ್ಟಿತು,
ರಿಲೇ ಟಕ್ ಎಂದಿತು. ಇಷ್ಟೇ ಅದರ ಭಾಷೆ.

ನ್ಯಾಂಜಾಲಾ ನೋಟು ಎಣಿಸುತ್ತ ಬಗ್ಗಿದಳು:
"ಇವೆರಡರಲ್ಲಿ ಹಾಳಾದದ್ದು ಯಾವುದು?
ಹೇಳಬೇಡ, ನಾನೇ ಹೇಳುತ್ತೇನೆ" ಎಂದು
ಉಬ್ಬಿದ್ದನ್ನು ಉಗುರಿನಲ್ಲಿ ಚಿಮ್ಮಿದಳು:
"ಇದೇ, ಈ ಡೊಳ್ಳುಹೊಟ್ಟೆ ಕಳ್ಳ."
ಲುಹೆಂದೆ ಬಾಯಿ ತೆರೆದ. ಮೇಜಿನಡಿ ಅವನ ಕಾಲು ಮೆಟ್ಟಿದೆ.
ಅವಳು ಫೋನು ಕಿವಿಗಿಟ್ಟು ಇಳಿಜಾರು ಇಳಿದಳು:
"ಆಯಿತಣ್ಣ, ನೀನು ಏಳಬೇಡ, ನಾನೇ ಹಾಕಿಕೊಳ್ಳುತ್ತೇನೆ."

"ಹೇಳಬಹುದಿತ್ತಲ್ಲ" ಅಂದ ಹುಡುಗ.
ಹೇಳಬಹುದಿತ್ತು.
ಬೆಸೆದುಕೊಂಡೇ ಇದ್ದಾಳಲ್ಲ ಇನ್ನೂ,
ಎಲ್ಲಿ ಕಡ್ಡಿ ಇಟ್ಟರೂ ಒಂಬೈನೂರಾ ಇಪ್ಪತ್ತೇ ತೋರಿಸುತ್ತದೆ.

ಹೋಗಲಿ, ಆ ಬಲ್ಬು ಮೊಳೆಗೆ ನೇತುಹಾಕು.
ನಾಳೆ ಬೆಳಿಗ್ಗೆ ದವಾಖಾನೆಯ ಇನ್ವರ್ಟರ್ ಬರುತ್ತದೆ.