ಹದಿನೇಳನೆಯ ಡಬ್ಬಿ

ಇಪ್ಪತ್ನಾಲ್ಕು ಡಬ್ಬಿ. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು.
ರಾತ್ರಿ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿ ಕರೆಂಟು ಉಣಿಸುವುದು,
ಬೆಳಿಗ್ಗೆ ಎಲ್ಲ ಹಸಿರು ಕಣ್ಣು ಬಿಟ್ಟಿವೆಯೇ ಎಣಿಸುವುದು,
ಸಂಜೆ ಆಟಗಾರರ ಒಳಅಂಗಿಯ ಬೆನ್ನುಜೇಬಿಗೆ,
ಎರಡು ಹೆಗಲೆಲುಬುಗಳ ನಡುವೆ, ತುರುಕುವುದು.
ಸೊಹಾರಿನ ಈ ಕ್ಲಬ್ಬಿನಲ್ಲಿ ಒಂಬತ್ತು ವರ್ಷದ ನನ್ನ ಚಾಕರಿಯಲ್ಲಿ
ಇದೊಂದೇ ಹೊಸದು. ಉಳಿದದ್ದು ಬೆವರು, ಸೋಪು, ಬೂಟಿನ ಮಣ್ಣು.

ಓಡಿದರೆ ಮೇಲೆಲ್ಲೋ ಒಂದು ಉಪಗ್ರಹ ನೋಡುತ್ತದಂತೆ.
ಎಷ್ಟು ಮೀಟರು, ಎಷ್ಟು ಸಲ ಗಕ್ಕನೆ ನಿಂತ, ಎದೆ ಎಷ್ಟು ಬಡಿಯಿತು,
ಸಿರೀನ್ ಮೇಡಮ್ಮಿನ ಪರದೆಯ ಮೇಲೆ ಎಲ್ಲಕ್ಕೂ ಬಣ್ಣ.
ಖಲ್ಫಾನ್ ‘ನನಗೇನೂ ಆಗಿಲ್ಲ’ ಎಂದು ಆಣೆ ಹಾಕಿದ ದಿನ
ಬಲಗಾಲು ಎಡಗಾಲಿಗಿಂತ ಹಗುರಾಗಿ ನೆಲ ಮುಟ್ಟುತ್ತಿದೆಯೆಂದು
ಡಬ್ಬಿ ಚಾಡಿ ಹೇಳಿತು.
ಎರಡು ಪಂದ್ಯ ಅವನು ನನ್ನ ಪಕ್ಕ ಬೆಂಚಿನಲ್ಲಿ ಕೂತು
ಖರ್ಜೂರದ ಬೀಜ ಉಗುಳುತ್ತ ಯಾರನ್ನೋ ಬೈದ.
ಮೂರನೆಯದರಲ್ಲಿ ಗೋಲು ಹೊಡೆದ.
ಡಬ್ಬಿಗೆ ಯಾರೂ ಶಾಭಾಸ್ ಅನ್ನಲಿಲ್ಲ.

ಸೆಪ್ಟೆಂಬರು. ಸಮುದ್ರದ ಗಾಳಿಯೂ ಹಿಂಡದೆ ಹೊದಿಸಿದ ಚಾದರ.
ಹದಿನೇಳನೆಯದು ಕೆಟ್ಟು, ದುಬೈಗೆ ಹೋಗಿ, ರಿಪೇರಿಯಾಗಿ ಬಂದಿತ್ತು.
‘ದಸ್ತಗೀರ್, ಸಂಜೆ ತನಕ ನೀನೇ ಹಾಕ್ಕೋ,
ಸರಿ ಇದೆಯಾ ನೋಡೋಣ’ ಅಂದರು ಮೇಡಮ್.
ಇಪ್ಪತ್ತೆರಡರ ಹುಡುಗರಿಗೆ ಹೊಲಿದ ಅಂಗಿ
ನನ್ನ ಹೊಟ್ಟೆಯ ಗಡಿಗೆ ಬಂದು, ಮುಂದೆ ಹೋಗಲೊಲ್ಲೆ ಅಂದಿತು.
ಮುತಸಿಮ್ ನಕ್ಕು ನಕ್ಕು ನೆಲಕ್ಕೆ ಕೂತ.
ಉಸಿರು ಬಿಗಿಹಿಡಿದು ಇಳಿಸಿಕೊಂಡೆ.
ಹತ್ತು ನಿಮಿಷಕ್ಕೆ ಮರೆತೇಬಿಟ್ಟೆ.

ಮೂರು ಗಂಟೆ. ದಾಂಡೇಲಿಯಲ್ಲಿ ನಾಲ್ಕೂವರೆ.
ಲಾಂಡ್ರಿಯ ತಗಡಿನಡಿ ಸಿಗ್ನಲ್ ಇಲ್ಲ, ಹಿಂದಿನ ಗೋಡೆಗೆ ಬಂದು ನಿಂತೆ,
ನೆರಳು ನನ್ನ ಚಪ್ಪಲಿಯಷ್ಟೇ ಅಗಲ.
ಫೋನಿನೊಳಗೆ ಭಾವಮೈದುನನ ಹೆಬ್ಬೆರಳು, ಆಮೇಲೆ ಆಕಾಶ,
ಆಮೇಲೆ ಮೈದಾನ, ಗೋಲಿನ ಕಂಬಗಳ ನಡುವೆ
ತನಗಿಂತ ದೊಡ್ಡ ಕೈಚೀಲ ತೊಟ್ಟ ನನ್ನ ನಸೀಮಾ.
ಬೆಳಗಾವಿಯ ಶಾಲೆಯ ಜೊತೆ ಸಮಸಮ. ಪೆನಾಲ್ಟಿ ನಡೆದಿತ್ತು.
‘ಮಾಮಾ, ಫೋನ್ ನೆಟ್ಟಗ ಹಿಡಿ!’ ಕೂಗಿದೆ.
ಒಂದು ಹಿಡಿದಳು. ಒಂದು ಬಿಟ್ಟಳು.
ಐದನೆಯ ಹುಡುಗಿ ಚೆಂಡು ಇಟ್ಟು, ಹಿಂದೆ ಸರಿದು, ಓಡಿ ಬಂದು—

ಚಿತ್ರ ನಿಂತುಬಿಟ್ಟಿತು.
ನಸೀಮಾ ಗಾಳಿಯಲ್ಲಿ, ಎಡಕ್ಕೆ, ಅಡ್ಡಲಾಗಿ.
ಚೆಂಡು ಇನ್ನೂ ಫೋನಿನೊಳಗೆ ಬಂದಿಲ್ಲ.
ನಾನು ಎಷ್ಟು ಹೊತ್ತು ನಿಂತೆನೋ,
ಗೋಡೆಯ ಬಿಸಿ ಬೆನ್ನಿಗೆ ತಾಗಿದ್ದೂ ಗೊತ್ತಿಲ್ಲ.

ಸಂಜೆ ಮೇಡಮ್ ಪರದೆ ತಿರುಗಿಸಿದರು.
‘ಡಬ್ಬಿ ಚೆನ್ನಾಗಿದೆ. ಹನ್ನೊಂದು ಕಿಲೋಮೀಟರ್ ನಡೆದಿದ್ದೀ, ಗೊತ್ತಾ?
ನಮ್ಮ ಗೋಲ್‌ಕೀಪರ್ ಇದರ ಅರ್ಧವೂ ಇಲ್ಲ.’
ಆಮೇಲೆ ಬೆರಳು ಒಂದು ಕಡೆ ನಿಂತಿತು.
‘ಇಲ್ಲಿ ವೇಗ ಸೊನ್ನೆ. ಹದಿಮೂರು ನಿಮಿಷ ನೀನು ಅಲ್ಲಾಡಿಲ್ಲ.
ಎದೆ ಮಾತ್ರ ನೂರಾ ಐವತ್ತೊಂದು. ಯಾಕೆ?’
‘ಡ್ರೈಯರ್ ಬಿಸಿ ಇತ್ತು ಮೇಡಮ್.’
‘ಇದು ಹೊರಗಡೆ’ ಅಂದರು. ‘ಉಪಗ್ರಹಕ್ಕೆ ನೀನು ಕಾಣಿಸಿದ್ದೀ.’

ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಧ್ವನಿ ಸಂದೇಶ.
ಅಲ್ಲೇ ಒತ್ತಿದೆ, ಅವರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯ.
ಮೂಗು ಎಳೆಯುವ ಸದ್ದು ಮೊದಲು. ಹಿಂದೆ ಯಾರದೋ ಸ್ಕೂಟರು.
‘ಅಬ್ಬಾ, ಬಲಕ್ಕ ಹಾರಬೇಕಿತ್ತು.
ನಾ ಎಡಕ್ಕ ಹಾರಿದ್ನಿ.’

ಕನ್ನಡ ಬಾರದ ಮೇಡಮ್ ಪರದೆಯನ್ನು ತಮ್ಮ ಕಡೆ ಎಳೆದುಕೊಂಡರು.
ಮುಳ್ಳಿನ ಬೇಲಿಯಂತಿದ್ದ ಗೆರೆ, ಮಧ್ಯದಲ್ಲೊಂದು ಒಂಟಿ ತಾಳೆ.
‘ಇದು ಟೆಸ್ಟ್ ಅಷ್ಟೇ, ಯಾರ ಖಾತೆಗೂ ಸೇರಲ್ಲ.
ಅಳಿಸಿಬಿಡಲಾ?’

ಹೊರಗೆ ಹುಡುಗರು ಸಾಲಾಗಿ ಬೆನ್ನು ತಿರುಗಿಸಿ ನಿಂತಿದ್ದರು,
ಡಬ್ಬಿಗೆ ಕಾಯುತ್ತ. ಅಂಗಿ ಕಳಚಲು ಹೋದೆ,
ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತು.
ಒಳಗಿನಿಂದಲೇ ಹೇಳಿದೆ:
‘ನಾಳೆ ಅಳಿಸ್ರಿ ಮೇಡಮ್.’